ಚೆಟ್ಟಳ್ಳಿಗೆ ಯಾವಾಗ ಹೋಗಬೇಕು?

ನಮ್ಮ ನೆರೆಮನೆಯವರು ಕೆಲವು ವರ್ಷಗಳ ಹಿಂದೆ ಕೊಡಗಿನ ಪ್ರವಾಸಕ್ಕೆ ಸಿದ್ಧರಾದರು. ಕಾಫಿ ತೋಟಗಳು ಹೂ ಬಿಟ್ಟಾಗ ಗುಡ್ಡಗಳ ಮೇಲೆ ಹಿಮ ಬಿದ್ದಂತೆ ಕಾಣುತ್ತದೆಂದು ಯಾರೋ ಅವರಿಗೆ ಹೇಳಿದ್ದರು. ಮಕ್ಕಳ ಪರೀಕ್ಷೆ ಮುಗಿಯುವ ದಿನ, ಯಜಮಾನರಿಗೆ ರಜೆ ದೊರೆಯುವ ದಿನ ಎಲ್ಲವನ್ನೂ ಕೂಡಿಸಿ ಕಳೆದು ಎರಡು ತಿಂಗಳು ಮೊದಲೇ ತಾರೀಕು ಗೊತ್ತುಮಾಡಿ, ಚೆಟ್ಟಳ್ಳಿಯ ಬಳಿ ಉಳಿದುಕೊಳ್ಳಲು ಕೋಣೆಗೆ ಮುಂಗಡ ಹಣವನ್ನೂ ಕಳುಹಿಸಿದರು. ಹೋಗಿ ನೋಡಿದರೆ ರೆಂಬೆಗಳ ಮೇಲೆ ಕಂದುಬಣ್ಣಕ್ಕೆ ತಿರುಗಿ ಬಾಡಿದ ಹೂಗೊಂಚಲುಗಳು! “ಮೂರು ದಿನ ಮೊದಲು ಬರಬೇಕಾಗಿತ್ತು ಸ್ವಾಮಿ” ಎಂದರಂತೆ ತೋಟದ ಮೇಸ್ತ್ರಿ. ಮರುವರ್ಷ ಅವರು ಹತ್ತು ದಿನ ಮೊದಲೇ ಹೋದರು. ಆ ವರ್ಷ ಅಲ್ಲಿಯವರೆಗೆ ಮಳೆಯೇ ಬಿದ್ದಿರಲಿಲ್ಲ. ಎಲೆಗಳ ಕಂಕುಳಲ್ಲಿ ಅರ್ಧ ಅಂಗುಲಕ್ಕೂ ಗಿಡ್ಡನೆಯ ಹಸುರು ಮೊಗ್ಗುಗಳು ಬಿಗಿದ ಮುಷ್ಟಿಯಂತೆ ಕುಳಿತಿದ್ದವು.

ಅವರು ತಾರೀಕನ್ನು ಎಷ್ಟು ಜಾಗ್ರತೆಯಿಂದ ನೋಡಿದರೂ ನೋಡಿದ್ದು ಗೋಡೆಯ ಮೇಲಿನ ಕ್ಯಾಲೆಂಡರನ್ನು. ಪರ್ವತದ ಕಣಿವೆಗೆ ಬೇರೆಯದೇ ಒಂದು ಪಂಚಾಂಗವುಂಟು. ಅದನ್ನು ಬರೆಯುವುದು ಮಳೆ. ಹೂವು, ಮಂಜು, ಹಳ್ಳದ ನೀರು, ದಾರಿಯ ಕ್ಷೇಮ, ಇಂಬಳದ ಕಾಟ ಎಲ್ಲವೂ ಆ ಪಂಚಾಂಗದ ಪ್ರಕಾರವೇ ಬರುತ್ತವೆ, ಹೋಗುತ್ತವೆ. ಅದನ್ನು ಓದುವ ಬಗೆಯನ್ನು ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಚೆಟ್ಟಳ್ಳಿ ಮಡಿಕೇರಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು ೧,೦೦೦ ಮೀಟರು ಎತ್ತರದಲ್ಲಿರುವ ಒಂದು ಸಣ್ಣ ಊರು. ಪ್ರವಾಸಿಗಳ ಪಟ್ಟಿಯಲ್ಲಿ ರಾಜಾಸೀಟು, ಅಬ್ಬಿ ಜಲಪಾತ, ದುಬಾರೆಯ ಆನೆ ಶಿಬಿರ, ತಲಕಾವೇರಿಗಳಿಗೆ ಇರುವ ಸ್ಥಾನ ಇದಕ್ಕಿಲ್ಲ. ಆದರೆ ಕಾಫಿಯ ಲೋಕದಲ್ಲಿ ಇದರ ಹೆಸರು ದೊಡ್ಡದು. ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯ ಉಪಕೇಂದ್ರವೊಂದು ೧೯೪೬ರಲ್ಲಿ ಇಲ್ಲಿ ಸ್ಥಾಪಿತವಾಯಿತು. ತೋಟಗಾರಿಕೆಯ ಪ್ರಯೋಗ ಕೇಂದ್ರವೂ ಇಲ್ಲಿಯೇ ಇದ್ದು, ಕೊಡಗಿನ ಕಿತ್ತಳೆಯಿಂದ ಹಿಡಿದು ಬೆಣ್ಣೆಹಣ್ಣು, ರಾಂಬುಟಾನುಗಳವರೆಗೆ ಹಲವು ಹಣ್ಣುಗಳ ಮೇಲೆ ಕೆಲಸ ನಡೆದಿದೆ. ಇಲ್ಲಿಯ ನೆಲ ಒಂದೇ ಒಂದು ದೊಡ್ಡ ಕಣಿವೆಯಲ್ಲ. ಮಡಿಸಿಟ್ಟ ಸೀರೆಯ ನೆರಿಗೆಗಳಂತೆ ಗುಡ್ಡದ ಪಕ್ಕದಲ್ಲಿ ತಗ್ಗು, ತಗ್ಗಿನ ಪಕ್ಕದಲ್ಲಿ ಗುಡ್ಡ. ತಗ್ಗಿನಲ್ಲಿ ಭತ್ತದ ಗದ್ದೆ, ಇಳಿಜಾರಿನಲ್ಲಿ ಹಲಸು, ಬೀಟೆ, ಸಿಲ್ವರ್ ಓಕ್ ಮರಗಳ ನೆರಳಿನಡಿ ಕಾಫಿ, ಮರಗಳ ಮೈಗೆ ಹಬ್ಬಿದ ಮೆಣಸಿನ ಬಳ್ಳಿ. ಕೊಡಗಿನ ಬಹುಭಾಗದ ಚಿತ್ರವೇ ಇದು. ಚೆಟ್ಟಳ್ಳಿಯನ್ನು ಅರಿತರೆ ಕೊಡಗನ್ನು ಅರಿತಂತೆ.

ಮೊದಲು ಮಳೆ ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ ಎಂಬುದನ್ನು ನೋಡೋಣ. ಜೂನ್ ತಿಂಗಳ ಆರಂಭದಲ್ಲಿ ಅರಬ್ಬೀ ಸಮುದ್ರದಿಂದ ಬರುವ ನೈಋತ್ಯ ಮಾರುತ ನೀರಾವಿಯನ್ನು ಹೊತ್ತು ಕರಾವಳಿಯನ್ನು ದಾಟಿ ಪಶ್ಚಿಮ ಘಟ್ಟಕ್ಕೆ ತಾಗುತ್ತದೆ. ಮುಂದೆ ಗೋಡೆ, ಹಿಂದೆ ನೂಕುವ ಗಾಳಿ. ಮೇಲಕ್ಕೇರುವುದಲ್ಲದೆ ಅದಕ್ಕೆ ಬೇರೆ ದಾರಿಯಿಲ್ಲ. ಮೇಲೇರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಅಷ್ಟು ಆವಿಯನ್ನು ಹಿಡಿದಿಟ್ಟುಕೊಳ್ಳಲಾರದು. ಹೆಚ್ಚಾದ ಆವಿ ಹನಿಗೂಡಿ ಮಳೆಯಾಗಿ ಸುರಿಯುತ್ತದೆ. ಗಾಳಿ ನೆತ್ತಿಯನ್ನು ದಾಟಿ ಪೂರ್ವಕ್ಕಿಳಿಯುವಾಗ ಚೀಲ ಅರ್ಧ ಬರಿದಾಗಿರುತ್ತದೆ. ಇಳಿಯುವ ಗಾಳಿ ಮತ್ತೆ ಬೆಚ್ಚಗಾಗುವುದರಿಂದ ಉಳಿದ ಆವಿಯೂ ಸುಲಭವಾಗಿ ಹನಿಯಾಗದು.

ಇದರ ಪರಿಣಾಮ ಕೊಡಗಿನಲ್ಲಿ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಪಶ್ಚಿಮದಂಚಿನ ಭಾಗಮಂಡಲದಲ್ಲಿ ವರ್ಷಕ್ಕೆ ಸುಮಾರು ೬,೦೦೦ ಮಿಲಿಮೀಟರು ಮಳೆಯಾದರೆ, ಮಡಿಕೇರಿಯಲ್ಲಿ ೩,೦೦೦ ಮಿಲಿಮೀಟರಿಗೂ ಮೇಲೆ, ಪೂರ್ವದಂಚಿನ ಕುಶಾಲನಗರದಲ್ಲಿ ಸುಮಾರು ೧,೧೦೦ ಮಿಲಿಮೀಟರು. ಭಾಗಮಂಡಲದಿಂದ ಕುಶಾಲನಗರಕ್ಕೆ ರಸ್ತೆಯ ದೂರ ಎಪ್ಪತ್ತು ಕಿಲೋಮೀಟರಿನ ಆಸುಪಾಸು. ಅಷ್ಟರಲ್ಲಿ ಮಳೆ ಐದರಲ್ಲೊಂದು ಪಾಲಿಗಿಳಿಯುತ್ತದೆ! ಚೆಟ್ಟಳ್ಳಿ ಮಡಿಕೇರಿಗೆ ಆಗ್ನೇಯದಲ್ಲಿ, ಈ ಎರಡು ಅಂಚುಗಳ ನಡುವೆ ಇರುವುದರಿಂದ ಮಡಿಕೇರಿಯ ಜಡಿಮಳೆಯೂ ಇಲ್ಲ, ಕುಶಾಲನಗರದ ಒಣತನವೂ ಇಲ್ಲ. ಮಡಿಕೇರಿಯಲ್ಲಿ ಕೊಡೆ ಬಿಚ್ಚಿದವರು ಚೆಟ್ಟಳ್ಳಿಯಲ್ಲಿ ಮಡಿಸಿಕೊಂಡು ನಡೆಯಬಹುದಾದ ದಿನಗಳು ಎಷ್ಟೋ ಇರುತ್ತವೆ. ಮಳೆಗಾಲದಲ್ಲಿಯೇ ಕೊಡಗನ್ನು ನೋಡಬೇಕೆಂದು ಹಟವಿರುವವರು ಪೂರ್ವದ ಮಗ್ಗುಲಲ್ಲಿ ವಸತಿ ಮಾಡುವುದು ಜಾಣತನ.

ಈಗ ಹೂವಿನ ವಿಚಾರ. ಹಿಂಗಾರು ಮುಗಿದ ಮೇಲೆ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕೊಡಗಿನಲ್ಲಿ ಮಳೆ ಬಹಳ ಕಡಿಮೆ. ಈ ಕಾಲದಲ್ಲಿ ಕಾಫಿ ಗಿಡದ ಮೊಗ್ಗುಗಳು ಒಂದು ಹದಕ್ಕೆ ಬೆಳೆದು ಅಲ್ಲಿಯೇ ನಿಂತುಬಿಡುತ್ತವೆ. ಬಿಸಿಲಿನಿಂದ ಎಲೆಗಳು ಜೋಲುತ್ತಿದ್ದರೂ ಮೊಗ್ಗು ಅಲುಗದು. ಅನಂತರ ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವೆ ಎಂದೋ ಒಂದು ಸಂಜೆ ಗುಡುಗಿ ಒಳ್ಳೆಯ ಮಳೆ ಬೀಳುತ್ತದೆ. ಅದನ್ನು ತೋಟದವರು ಹೂಮಳೆ ಎನ್ನುತ್ತಾರೆ. ಮರುದಿನದಿಂದಲೇ ಮೊಗ್ಗುಗಳು ಎಚ್ಚರಗೊಂಡಂತೆ ನೀಳವಾಗತೊಡಗುತ್ತವೆ, ಹಸುರು ಬಿಳಿಯಾಗುತ್ತದೆ, ಕೆಲವೇ ದಿನಗಳಲ್ಲಿ ಮೊದಲಿನ ಮೂರು ನಾಲ್ಕರಷ್ಟು ಉದ್ದವಾಗುತ್ತವೆ. ರೋಬಸ್ಟಾ ಜಾತಿಯಾದರೆ ಸುಮಾರು ಏಳು ಎಂಟನೆಯ ದಿನ, ಅರೇಬಿಕಾ ಆದರೆ ಒಂಬತ್ತು ಹತ್ತನೆಯ ದಿನ, ಬೆಳಗಿನ ಜಾವದಲ್ಲಿ ಇಡೀ ತೋಟ ಒಟ್ಟಿಗೆ ಅರಳುತ್ತದೆ. ಪರಿಮಳ ಮಲ್ಲಿಗೆಯದನ್ನು ಹೋಲುತ್ತದೆ. ಎರಡು ಮೂರು ದಿನಗಳಲ್ಲಿ ಎಸಳು ಬಾಡುತ್ತದೆ. ನಮ್ಮ ನೆರೆಯವರಿಗೆ ಕಂದು ಗೊಂಚಲು ಕಂಡುದು ಹೀಗೆ.

ಮೊಗ್ಗು ಮಳೆಗಾಗಿ ಏಕೆ ಕಾಯಬೇಕು? ನೀರು ಬೇಕೆಂಬುದಷ್ಟೇ ಕಾರಣವಾದರೆ ವರ್ಷವಿಡೀ ನೀರು ಕೊಟ್ಟ ಗಿಡ ಮೊದಲು ಅರಳಬೇಕಾಗಿತ್ತು. ಸಂಗತಿ ಇದಕ್ಕೆ ತದ್ವಿರುದ್ಧ. ಅಲ್ವಿಮ್ ಎಂಬ ಬ್ರೆಜಿಲಿನ ಸಸ್ಯವಿಜ್ಞಾನಿ ೧೯೬೦ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬೇರಿಗೆ ಎಡೆಬಿಡದೆ ನೀರು ದೊರೆತ ಗಿಡಗಳ ಮೊಗ್ಗುಗಳು ಮಲಗಿಯೇ ಇದ್ದವು; ಕೆಲಕಾಲ ಒಣಗಿ ಅನಂತರ ನೀರು ಪಡೆದ ಗಿಡಗಳು ಅರಳಿದವು. ಎಂದರೆ ಬೇಕಾದುದು ಎರಡು: ಮೊದಲು ಬಾಯಾರಿಕೆ, ಅನಂತರ ನೀರು. ಒಣಗಾಲದಲ್ಲಿ ಗಿಡದೊಳಗೆ ಬೆಳವಣಿಗೆಯನ್ನು ತಡೆಯುವ ರಾಸಾಯನಿಕಗಳು ಮೇಲುಗೈಯಾಗಿರುತ್ತವೆ. ಮಳೆಯ ನೀರು ಬಾಯಾರಿದ ಮೊಗ್ಗಿಗೆ ಒಮ್ಮೆಲೆ ನುಗ್ಗಿದಾಗ ಅವು ತಗ್ಗಿ, ಬೆಳವಣಿಗೆಯನ್ನು ಪ್ರಚೋದಿಸುವವು ಹೆಚ್ಚುತ್ತವೆ. ಎಲ್ಲ ಗಿಡಗಳೂ ಒಂದೇ ಗಳಿಗೆಯಲ್ಲಿ ಈ ಸೂಚನೆಯನ್ನು ಪಡೆಯುವುದರಿಂದ ಎಲ್ಲವೂ ಒಂದೇ ದಿನ ಅರಳುತ್ತವೆ.

ಆದರೆ ಎಂಥ ಮಳೆಯಾದರೂ ಸಾಲದು. ಕೊಡಗಿನ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲಿ ಅಳೆಯುವ ರೂಢಿಯುಂಟು. ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟು, ಎಂದರೆ ಕಾಲು ಮಿಲಿಮೀಟರು. ಎಷ್ಟೋ ತೋಟಗಳಲ್ಲಿ ಮಳೆಮಾಪಕವಿರುತ್ತದೆ, ಮುಂಜಾನೆ ಅದನ್ನು ನೋಡಿ ಪುಸ್ತಕದಲ್ಲಿ ಗುರುತುಹಾಕುವವರಿರುತ್ತಾರೆ. ಫೆಬ್ರವರಿಯಿಂದ ಮುಂದೆ ಇಬ್ಬರು ತೋಟಗಾರರು ಎದುರಾದರೆ ಕ್ಷೇಮಸಮಾಚಾರಕ್ಕೂ ಮೊದಲು ಕೇಳುವ ಪ್ರಶ್ನೆ “ನಿಮ್ಮಲ್ಲಿ ಎಷ್ಟು ಸೆಂಟು?” ಎಂಬುದು. ಒಂದು ಇಂಚು, ಅದಕ್ಕಿಂತ ತುಸು ಹೆಚ್ಚು ಬಿದ್ದರೆ ಹೂವು ಚೆನ್ನಾಗಿ ಅರಳುತ್ತದೆ. ಮೂವತ್ತು ನಲವತ್ತು ಸೆಂಟಿನ ಅರೆಮಳೆ ಬಿದ್ದರೆ ಮೊಗ್ಗುಗಳು ಅರೆಯಾಗಿ ಎದ್ದು, ಎಸಳು ಪೂರ್ಣ ಬಿಡಿಸದ ಗಿಡ್ಡ ನಕ್ಷತ್ರಗಳಂತಾಗಿ ಕೆಡುತ್ತವೆ. ವರ್ಷದ ಬೆಳೆ ಆ ಒಂದು ಸಂಜೆಯ ಅರ್ಧ ಇಂಚಿನ ಹೆಚ್ಚುಕಡಮೆಯ ಮೇಲೆ ನಿಂತಿರುವಾಗ ತೋಟಗಾರನಿಗೆ ನಿದ್ದೆ ಎಲ್ಲಿಂದ ಬರಬೇಕು?

ಇನ್ನೊಂದು ತೊಡಕೂ ಉಂಟು. ಹೂಮಳೆ ಮುಂಗಾರಿನಂತೆ ನಾಡಿಗೆಲ್ಲ ಒಟ್ಟಿಗೆ ಬರುವ ಮಳೆಯಲ್ಲ. ಹಗಲಿನ ಬಿಸಿಲಿಗೆ ನೆಲ ಕಾದು, ಅದರ ಮೇಲಿನ ತೇವದ ಗಾಳಿ ಕಂಬದಂತೆ ಮೇಲೆದ್ದು, ಮಧ್ಯಾಹ್ನಕ್ಕೆ ಗುಡುಗು ಮೋಡವಾಗಿ, ಸಂಜೆಗೆ ಸುರಿಯುತ್ತದೆ. ಅಂಥ ಮೋಡದ ಬುಡ ಕೆಲವೇ ಕಿಲೋಮೀಟರು ಅಗಲ. ರಸ್ತೆಯ ಈ ಮಗ್ಗುಲಿನ ತೋಟದಲ್ಲಿ ಇಂಚು ಮಳೆಯಾಗಿ ಆ ಮಗ್ಗುಲಿನ ತೋಟದಲ್ಲಿ ಧೂಳು ಹಾರುತ್ತಿರುವುದೂ ಉಂಟು. ಹವಾಮಾನ ಇಲಾಖೆ ಜಿಲ್ಲೆಯಲ್ಲಿ ಗುಡುಗು ಮಳೆಯ ಸಂಭವವಿದೆಯೆಂದು ಒಂದೆರಡು ದಿನ ಮೊದಲು ಹೇಳಬಲ್ಲುದು. ಯಾವ ತೋಟದ ಮೇಲೆ ಎಷ್ಟು ಸೆಂಟು ಎಂದು ಎರಡು ತಿಂಗಳು ಮೊದಲು ಹೇಳುವ ವಿಜ್ಞಾನ ಇನ್ನೂ ಹುಟ್ಟಿಲ್ಲ.

ಹೀಗಿದ್ದರೂ ಪ್ರವಾಸಿಗೆ ಆಶೆ ಬಿಡಬೇಕಾದುದಿಲ್ಲ. ಮಳೆಯ ದಿನವನ್ನು ಮೊದಲೇ ಹೇಳಲಾಗದಿದ್ದರೂ ಮಳೆ ಬಿದ್ದ ಮೇಲೆ ಹೂವಿನ ದಿನವನ್ನು ಧೈರ್ಯವಾಗಿ ಹೇಳಬಹುದು. ಬಿದ್ದ ದಿನದಿಂದ ಎಂಟು ಎಣಿಸಿದರಾಯಿತು. ಸಿದ್ಧತೆಗೆ ಒಂದು ವಾರ ಸಾಲದೇ? ನೀರಿನ ಸೌಕರ್ಯವಿರುವವರು ಈಗ ಮಳೆಗಾಗಿ ಕಾಯದೆ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ತುಂತುರು ನೀರಾವರಿಯಿಂದ ರೋಬಸ್ಟಾ ತೋಟಗಳನ್ನು ತಾವೇ ಅರಳಿಸುತ್ತಾರೆ. ಆದುದರಿಂದ ಮಳೆ ಬರುವ ಮೊದಲೂ ಹಸುರಿನ ನಡುವೆ ಅಲ್ಲೊಂದು ಇಲ್ಲೊಂದು ತೋಟ ಬೆಳ್ಳಗೆ ಹೊಳೆಯುತ್ತಿರುತ್ತದೆ. ಇದು ಅಗ್ಗದ ಕೆಲಸವೆಂದು ತಿಳಿಯಬಾರದು. ಒಂದು ಎಕರೆಯ ಮೇಲೆ ಒಂದು ಇಂಚು ಮಳೆಯೆಂದರೆ ಒಂದು ಲಕ್ಷ ಲೀಟರಿಗೂ ಮೇಲೆ ನೀರು. ಮೋಡ ಪುಕ್ಕಟೆಯಾಗಿ ಎತ್ತಿ ಸುರಿಯುವುದನ್ನು ತೋಟಗಾರ ಕೆರೆಯಿಂದಲೋ ಹೊಳೆಯಿಂದಲೋ ಪಂಪಿನಿಂದ ಎತ್ತಬೇಕು, ಅದೂ ಹೊಳೆಗಳು ಬಡಕಲಾಗಿರುವ ತಿಂಗಳಲ್ಲಿ. ಆ ಹೊತ್ತಿಗೆ ಅಲ್ಲಿಗೆ ಬಂದು ತೊಟ್ಟಿ ತುಂಬ ನೀರಿನಲ್ಲಿ ಮೀಯಬಯಸುವ ಅತಿಥಿಯನ್ನು ಮನೆಯವರು ಬಾಯಲ್ಲಿ ಏನೂ ಅನ್ನದಿದ್ದರೂ ಮನಸ್ಸಿನಲ್ಲಿ ಏನೆನ್ನುವರೆಂಬುದನ್ನು ಊಹಿಸಬಹುದು.

ಹೂ ಅರಳಿದ ದಿನ ತೋಟಗಾರನ ಪ್ರಾರ್ಥನೆ ತಿರುಗುಮುರುಗಾಗುತ್ತದೆ. ವಾರದ ಹಿಂದೆ ಮಳೆ ಬರಲೆಂದವನು ಈಗ ಬಾರದಿರಲೆನ್ನುತ್ತಾನೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲುದು. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಅದನ್ನು ತರುವುದು ಗಾಳಿ ಮತ್ತು ಜೇನು. ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ, ಜೇನು ಗೂಡು ಬಿಟ್ಟು ಹೊರಡದು. ತೋಟದೊಳಗಿನ ಎತ್ತರದ ಮರಗಳಲ್ಲಿ ತಟ್ಟೆಯಂತೆ ತೂಗುವ ಹೆಜ್ಜೇನಿನ ಹುಟ್ಟಿಗಳಿಗೆ ಆ ದಿನಗಳಲ್ಲಿ ಸುಗ್ಗಿ. ನೋಡಬಂದವರು ಮರದಡಿ ಹೊಗೆಯೆಬ್ಬಿಸುವುದು, ಕಲ್ಲೆಸೆಯುವುದು ಪ್ರಾಣಕ್ಕೆ ಅಪಾಯ. ಹೂವನ್ನು ಕಿತ್ತು ಮುಡಿಯುವುದೂ ಬೇಡ: ಒಂದು ಹೂವೆಂದರೆ ಒಂದು ಹಣ್ಣು, ಒಂದು ಹಣ್ಣೆಂದರೆ ಎರಡು ಬೀಜ. ಇಷ್ಟಾಗಿ ಎರಡು ಮೂರು ವಾರಗಳೊಳಗೆ ಇನ್ನೊಂದು ಮಳೆ ಬಿದ್ದರೆ ಕಚ್ಚಿದ ಕಾಯಿ ಉಳಿಯುತ್ತದೆ. ಅದನ್ನು ತೋಟಗಳಲ್ಲಿ ಬ್ಯಾಕಿಂಗ್ ಮಳೆ ಎನ್ನುತ್ತಾರೆ. ಪ್ರವಾಸಿ ಅಷ್ಟರಲ್ಲಿ ಮನೆ ಸೇರಿರುತ್ತಾನೆ. ತೋಟಗಾರ ಇನ್ನೂ ಆಕಾಶ ನೋಡುತ್ತಿರುತ್ತಾನೆ.

ಹೂವಿಗಾಗಿಯಲ್ಲ, ಮಂಜಿಗಾಗಿ ಬರುವವರೂ ಬಹಳ ಮಂದಿ. ಅವರು ಮೊದಲು ತಿಳಿಯಬೇಕಾದುದು ಕೊಡಗಿನಲ್ಲಿ ಮಂಜು ಎರಡು ಬಗೆ ಎಂಬುದನ್ನು. ಜುಲೈ ತಿಂಗಳಲ್ಲಿ ಮಡಿಕೇರಿಯ ಬೀದಿಗಳಲ್ಲಿ ಹಗಲು ಹೊತ್ತಿನಲ್ಲಿಯೇ ಹತ್ತು ಮಾರು ದೂರದ ಮನುಷ್ಯ ಕಾಣದಂತೆ ಕವಿಯುವುದು ಮಂಜಲ್ಲ, ಸಾಕ್ಷಾತ್ ಮೋಡ. ನಾವು ಬೆಟ್ಟ ಹತ್ತಿ ಅದರೊಳಗೆ ಹೊಕ್ಕಿರುತ್ತೇವೆ, ಅಷ್ಟೆ. ಅದರಲ್ಲಿ ನೋಟವೆಂಬುದಿಲ್ಲ, ಗಂಟೆಗಟ್ಟಲೆ ಕಾದರೂ ಕಣಿವೆ ತೆರೆಯದೆ ಇರಬಹುದು. ಚಿತ್ರಗಳಲ್ಲಿ ಕಾಣುವ, ತಗ್ಗುಗಳಲ್ಲಿ ಹಾಲು ತುಂಬಿದಂತೆ ನಿಂತು ಮೇಲೆ ಗುಡ್ಡದ ನೆತ್ತಿಗಳು ದ್ವೀಪಗಳಂತೆ ತೋರುವ ಮಂಜು ಬೇರೆ. ಅದು ನವೆಂಬರಿನಿಂದ ಜನವರಿಯವರೆಗಿನದು. ನಿರ್ಮಲವಾದ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಅದನ್ನು ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ನೀರಿನಂತೆಯೇ ಇಳಿಜಾರಿನಲ್ಲಿ ಹರಿದು ಗದ್ದೆಯ ತಗ್ಗಿನಲ್ಲಿ ಮಡುಗಟ್ಟುತ್ತದೆ. ಗದ್ದೆಯ ತೇವ ಅದಕ್ಕೆ ಕೂಡಿ ಬೆಳಗಿನ ಜಾವಕ್ಕೆ ಮಂಜಾಗುತ್ತದೆ. ಆಗ ತಗ್ಗಿನಲ್ಲಿ ಚಳಿ ಹೆಚ್ಚು, ಗುಡ್ಡದ ಮೇಲೆ ಕಡಿಮೆ. ಎತ್ತರ ಹೋದಂತೆ ಚಳಿ ಹೆಚ್ಚುವ ನಿಯಮ, ಪ್ರತಿ ಸಾವಿರ ಮೀಟರಿಗೆ ಸುಮಾರು ೬ ಡಿಗ್ರಿ, ಈ ಕೆಲವು ಗಂಟೆಗಳ ಕಾಲ ತಲೆಕೆಳಗಾಗಿರುತ್ತದೆ. ಬಿಸಿಲು ನೆಲವನ್ನು ಕಾಯಿಸಿದೊಡನೆ ಮಂಜು ಕರಗುತ್ತದೆ. ಆದುದರಿಂದ ಅದನ್ನು ನೋಡಬೇಕೆನ್ನುವವರು ಗುಡ್ಡದ ಮೇಲೆ ವಸತಿ ಮಾಡಿ, ಸೂರ್ಯೋದಯಕ್ಕೆ ಮೊದಲು ಎದ್ದು, ಕೆಳಗೆ ನೋಡಬೇಕು. ಗದ್ದೆಯ ಪಕ್ಕದಲ್ಲಿ ಮಲಗಿ ಎಂಟು ಗಂಟೆಗೆ ಎದ್ದವರಿಗೆ ಸಿಗುವುದು ಒದ್ದೆಯಾದ ಕಿಟಕಿಯ ಗಾಜು ಮಾತ್ರ.

ಇನ್ನು ಮಳೆಗಾಲ. ಈ ಭಾಗವನ್ನು ಹಗುರ ಮಾತಿನಲ್ಲಿ ಬರೆಯಲು ನನ್ನಿಂದಾಗದು. ೨೦೧೮ರ ಆಗಸ್ಟ್ ನಡುವಿನಲ್ಲಿ ಮಡಿಕೇರಿಯ ಆಸುಪಾಸಿನ ಮಕ್ಕಂದೂರು, ಜೋಡುಪಾಲ ಮೊದಲಾದೆಡೆಗಳಲ್ಲಿ ಗುಡ್ಡಗಳು ಮನೆ, ತೋಟ, ರಸ್ತೆಗಳ ಸಮೇತ ಜರಿದವು. ೨೦೧೯ರ ಆಗಸ್ಟಿನಲ್ಲಿ ವಿರಾಜಪೇಟೆ ತಾಲೂಕಿನ ತೋರ ಗ್ರಾಮದಲ್ಲಿ, ೨೦೨೦ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಹೀಗೆಯೇ ಆಯಿತು. ಮೂರು ವರ್ಷವೂ ಪ್ರಾಣಹಾನಿಯಾಯಿತು. ಶತಮಾನಗಳಿಂದ ನಿಂತಂತಿದ್ದ ಗುಡ್ಡ ಒಂದು ರಾತ್ರಿಯಲ್ಲಿ ಹರಿಯುವುದು ಹೇಗೆ?

ಬಾಲ್ಯದಲ್ಲಿ ಮರಳಿನಲ್ಲಿ ಗುಬ್ಬಿಗೂಡು ಕಟ್ಟದವರು ಯಾರಿದ್ದಾರೆ? ಒಣಮರಳಿನಿಂದ ಗೂಡು ನಿಲ್ಲದು. ಹದವಾಗಿ ತೇವವಿದ್ದರೆ ಪಾದವನ್ನು ಹೊರತೆಗೆದರೂ ಗೂಡು ನಿಲ್ಲುತ್ತದೆ. ಕಣಕಣಗಳ ನಡುವಿನ ತೆಳುವಾದ ನೀರಿನ ಪೊರೆ ಅವನ್ನು ಒಂದಕ್ಕೊಂದು ಎಳೆದಿಟ್ಟಿರುತ್ತದೆ. ಅದೇ ಗೂಡಿನ ಮೇಲೆ ಒಂದು ಚೆಂಬು ನೀರು ಸುರಿದರೆ ಕುಸಿದು ಹರಿಯುತ್ತದೆ. ಕಣಗಳ ನಡುವಿನ ಸಂದುಗಳೆಲ್ಲ ನೀರಿನಿಂದ ತುಂಬಿದಾಗ ಆ ನೀರು ಎಳೆಯುವುದನ್ನು ಬಿಟ್ಟು ತಳ್ಳತೊಡಗುತ್ತದೆ. ಕಣಗಳು ಒಂದರ ಮೇಲೊಂದು ಒತ್ತಿ ನಿಂತಿದ್ದ ಬಿಗಿ ಸಡಲುತ್ತದೆ. ಕೊಡಗಿನ ಗುಡ್ಡಗಳಲ್ಲಿ ಗಟ್ಟಿ ಬಂಡೆಯ ಮೇಲೆ ಬಂಡೆಯೇ ಕರಗಿ ಆದ ಮಣ್ಣಿನ ದಪ್ಪ ಹೊದಿಕೆಯಿದೆ. ದಿನಗಟ್ಟಲೆ ಸುರಿದ ಮಳೆಯಿಂದ ಹೊದಿಕೆ ತುಂಬಿ, ಕೆಳಗಿನ ಬಂಡೆ ನೀರನ್ನು ಒಳಗೆ ಬಿಡದೆ ಇದ್ದಾಗ ಅದು ಜಾರಲು ಸಿದ್ಧವಾಗಿರುತ್ತದೆ. ಅಂಥ ಕಡೆ ರಸ್ತೆಗೋ, ಮನೆಗೋ, ಪ್ರವಾಸಿಗಳಿಗೆ ವಸತಿ ಕಟ್ಟಲೆಂದೋ ಗುಡ್ಡದ ಪಾದವನ್ನು ಕಡಿದು ನೆಟ್ಟಗೆ ನಿಲ್ಲಿಸಿದ್ದರೆ, ಮೇಲಿನ ಭಾರವನ್ನು ಹೊತ್ತಿದ್ದ ಕಾಲನ್ನೇ ತೆಗೆದಂತಾಯಿತು. ನೋಟ ಚೆನ್ನಾಗಿ ಕಾಣಲೆಂದು ಇಳಿಜಾರನ್ನು ಕಡಿದು ಕಟ್ಟಿದ ಮನೆಯಲ್ಲಿಯೇ ಇಳಿದುಕೊಳ್ಳಬೇಕೆಂದು ನಾವು ಹೆಚ್ಚು ಹಣ ಕೊಡುತ್ತೇವೆಂಬುದನ್ನೂ ಇಲ್ಲಿ ನೆನೆಯಬೇಕು.

ಹವಾಮಾನ ಇಲಾಖೆ ೨೪ ಗಂಟೆಗಳಲ್ಲಿ ೨೦೪ ಮಿಲಿಮೀಟರು, ಎಂದರೆ ಎಂಟು ಇಂಚು, ಮೀರುವ ಮಳೆಯನ್ನು ಅತ್ಯಂತ ಭಾರಿ ಮಳೆಯೆಂದು ಕರೆಯುತ್ತದೆ. ಅಂಥದರ ನಿರೀಕ್ಷೆಯಿದ್ದಾಗ ಕೆಂಪು ಎಚ್ಚರಿಕೆ ಕೊಡುತ್ತದೆ. ಕೆಂಪು ಎಂದರೆ ಹೊರಡಬಾರದು. ಕಿತ್ತಳೆಯಾದರೆ ಮುಂಗಡ ಹಣ ಹೋದರೂ ಹೋಗಲಿ, ದಿನವನ್ನು ಮುಂದೂಡುವುದು ಲೇಸು. ಆಗಲೇ ಅಲ್ಲಿದ್ದವರು ಕಡಿದ ಗುಡ್ಡದ ಬುಡದಲ್ಲಿ ವಾಹನ ನಿಲ್ಲಿಸಬಾರದು. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಕಂಡರೆ, ತಿಳಿಯಾಗಿ ಹರಿಯುತ್ತಿದ್ದ ಒರತೆ ಇದ್ದಕ್ಕಿದ್ದಂತೆ ಕೆಸರಾದರೆ ಅಲ್ಲಿ ನಿಲ್ಲಬಾರದು, ಊರಿನವರಿಗೆ ಹೇಳಬೇಕು. ಮಳೆಗಾಲ ಕೊಡಗಿನವರಿಗೆ ಮನೆಯ ಕಾಲ. ಕಕ್ಕಡ ಮಾಸದ ಹದಿನೆಂಟನೆಯ ದಿನ, ಆಗಸ್ಟ್ ೩ರ ಸುಮಾರಿಗೆ, ಮದ್ದುಸೊಪ್ಪಿನ ನೇರಿಳೆ ಬಣ್ಣದ ರಸದಲ್ಲಿ ಪಾಯಸ ಮಾಡಿ ಉಣ್ಣುವ ವಾಡಿಕೆ ಅವರದು. ಆ ಊಟಕ್ಕೆ ಯಾರಾದರೂ ಕರೆದಿದ್ದರೆ ಹೋಗಬಹುದು. ಜಲಪಾತದ ಬುಡದಲ್ಲಿ ಚಿತ್ರ ತೆಗೆಸಿಕೊಳ್ಳಲು ಹೋಗುವ ಕಾಲವಲ್ಲ ಅದು. ತೋಟದಲ್ಲಿ ನಡೆದರೆ ಇಂಬಳ ಹತ್ತುತ್ತದೆ. ಅದರ ಜೊಲ್ಲಿನಲ್ಲಿರುವ ವಸ್ತುವೊಂದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದರಿಂದ, ಕಿತ್ತ ಮೇಲೂ ಗಾಯ ಬಹಳ ಹೊತ್ತು ಒಸರುತ್ತದೆ, ನೋಡಿ ಹೆದರಬೇಕಾದುದಿಲ್ಲ.

ನನ್ನನ್ನು ಕೇಳಿದರೆ, ದಿನವನ್ನು ಮೊದಲೇ ಗೊತ್ತುಮಾಡದೆ ವಿಧಿಯಿಲ್ಲದವರಿಗೆ ಅಕ್ಟೋಬರ್ ಕೊನೆಯಿಂದ ಡಿಸೆಂಬರಿನವರೆಗಿನ ಕಾಲ ಒಳ್ಳೆಯದು. ಹಿಂಗಾರಿನ ಒಂದೆರಡು ಸುರಿತ ಬಂದರೂ ಮುಂಗಾರಿನ ಬಿರುಸು ಕಳೆದಿರುತ್ತದೆ. ಹಳ್ಳಗಳಲ್ಲಿ ನೀರಿರುತ್ತದೆ. ಧೂಳನ್ನು ಮಳೆ ತೊಳೆದಿರುವುದರಿಂದ ದೂರದ ಬೆಟ್ಟಗಳು ಸ್ಪಷ್ಟವಾಗಿ ಕಾಣುತ್ತವೆ. ಗದ್ದೆಯಲ್ಲಿ ಭತ್ತ ಹಣ್ಣಾಗುತ್ತಿರುತ್ತದೆ, ತೋಟದಲ್ಲಿ ಅರೇಬಿಕಾ ಕೆಂಪಾಗುತ್ತಿರುತ್ತದೆ. ಕಾವೇರಿ ಸಂಕ್ರಮಣದ ದಿನಗಳಲ್ಲಿ, ಅಕ್ಟೋಬರ್ ೧೭ರ ಸುಮಾರಿಗೆ, ತಲಕಾವೇರಿಯ ದಾರಿಯಲ್ಲಿ ಯಾತ್ರಿಕರ ನೂಕುನುಗ್ಗಲು ಇರುತ್ತದೆಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ದಾರಿಯ ವಿಚಾರ ಹೆಚ್ಚು ಹೇಳಬೇಕಾದುದಿಲ್ಲ. ಕೊಡಗಿನೊಳಗೆ ರೈಲುದಾರಿ ಇಲ್ಲ. ಮೈಸೂರಿನಿಂದ ಮಡಿಕೇರಿಗೆ ಸುಮಾರು ೧೨೦ ಕಿಲೋಮೀಟರು, ಮಂಗಳೂರಿನಿಂದ ಅದಕ್ಕಿಂತ ತುಸು ಹೆಚ್ಚು. ಮೈಸೂರಿನ ಕಡೆಯಿಂದ ಬರುವವರು ಕುಶಾಲನಗರ ದಾಟಿ ಸುಂಟಿಕೊಪ್ಪದಿಂದಲೇ ಚೆಟ್ಟಳ್ಳಿಗೆ ತಿರುಗಬಹುದು. ತಿರುವುಗಳಲ್ಲಿ ಮಕ್ಕಳಿಗೆ ವಾಂತಿಯಾಗುವುದು ಹೊಟ್ಟೆಯ ದೋಷದಿಂದಲ್ಲ, ಕಿವಿಯಿಂದ. ಒಳಗಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿನ ದ್ರವ ತಿರುವು ತಿರುವಿಗೂ ತುಳುಕಿ ‘ತಿರುಗುತ್ತಿದ್ದೇವೆ’ ಎಂದು ಮಿದುಳಿಗೆ ತಿಳಿಸುತ್ತದೆ. ಕೈಯಲ್ಲಿನ ಫೋನನ್ನು ನೋಡುವ ಕಣ್ಣು ‘ಎಲ್ಲವೂ ಸ್ಥಿರವಾಗಿದೆ’ ಎನ್ನುತ್ತದೆ. ಈ ಎರಡು ಸಾಕ್ಷಿಗಳ ಜಗಳದಲ್ಲಿ ಹೊಟ್ಟೆಗೆ ಶಿಕ್ಷೆ. ಫೋನನ್ನು ಒಳಗಿಡಿಸಿ, ಮುಂದಿನ ರಸ್ತೆಯನ್ನು ನೋಡಹೇಳಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಕೊನೆಯದಾಗಿ ಆನೆ. ಚೆಟ್ಟಳ್ಳಿ, ಸಿದ್ದಾಪುರ, ನೆಲ್ಯಹುದಿಕೇರಿಗಳ ತೋಟಗಳಲ್ಲಿ ಕಾಡಾನೆಗಳ ಓಡಾಟ ದಿನನಿತ್ಯದ ಸಂಗತಿ. ತೋಟದೊಳಗೆ ನೆರಳಿದೆ, ಕೆರೆಯಿದೆ, ಹಲಸಿದೆ. ಆನೆಯ ದೃಷ್ಟಿಯಲ್ಲಿ ಅದು ಕಾಡಿನ ಮುಂದುವರಿಕೆಯೇ. ಕೆಲಸಕ್ಕೆ ಹೋಗುವ ಕಾರ್ಮಿಕರು ಬೆಳಗಿನ ದಾರಿಯಲ್ಲಿ ಆನೆಗೆ ಸಿಕ್ಕಿ ಸತ್ತ ಸುದ್ದಿಗಳು ಆಗಾಗ ಬರುತ್ತವೆ. ಹೂವು ಅರಳುವುದು ಬೆಳಗಿನ ಜಾವ, ಮಂಜು ತುಂಬುವುದು ಬೆಳಗಿನ ಜಾವ, ಆನೆ ತಿರುಗುವುದೂ ಬೆಳಗಿನ ಜಾವವೇ. ಆದುದರಿಂದ ಪರಸ್ಥಳದವರು ನಸುಕಿನಲ್ಲಿ ತಾವಾಗಿ ತೋಟಕ್ಕೆ ನುಗ್ಗದೆ, ರಾತ್ರಿ ಆನೆ ಯಾವ ಕಡೆಗೆ ದಾಟಿತೆಂಬುದನ್ನು ಬಲ್ಲ ತೋಟದವರೊಬ್ಬರ ಜೊತೆಗೇ ಹೊರಡಬೇಕು.

ನಮ್ಮ ನೆರೆಯವರು ಮೂರನೆಯ ವರ್ಷ ತಾರೀಕು ಗೊತ್ತುಮಾಡಲಿಲ್ಲ. ಫೆಬ್ರವರಿ ಕೊನೆಗೆ ಪೆಟ್ಟಿಗೆ ಸಿದ್ಧಮಾಡಿಟ್ಟು, ಚೆಟ್ಟಳ್ಳಿಯ ಆ ಮೇಸ್ತ್ರಿಗೆ ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದರು. ಮಾರ್ಚಿಯ ಒಂದು ಬೆಳಗ್ಗೆ ಅವನೇ ಕರೆದು, “ನಿನ್ನೆ ಸಂಜೆ ಒಂದು ಇಂಚು ಹತ್ತು ಸೆಂಟು” ಎಂದನು. ಎಣಿಸಿದರೆ ಎಂಟನೆಯ ದಿನ ಮಂಗಳವಾರ ಬಿದ್ದಿತು, ಮಕ್ಕಳಿಗೆ ಶಾಲೆಯಿತ್ತು. ಯಜಮಾನರು ಎರಡು ದಿನಗಳ ರಜಾಚೀಟಿ ಬರೆದುಕೊಟ್ಟರು. ಕಾರಣವೆಂದು ಏನು ಬರೆದರೋ ನಾನು ಕೇಳಲಿಲ್ಲ.